ಹೇಳಬಾರದ ವೋಲ್ಟು

ಪುಷ್ಯದ ಚಳಿ ಬಿದ್ದಿತ್ತು. ತಳ್ಳುಗಾಡಿಗಳ ಮೇಲಿನ ಅವರೆಕಾಯಿ ಸೊಗಡು ಕಗ್ಗದಾಸಪುರದ ಹಳೇ ಊರಿನ ಬೀದಿಗಳಿಗೆಲ್ಲ ಹಬ್ಬಿದ್ದ ದಿನಗಳು. ಮಂಜು ಅಪಾರ್ಟ್‌ಮೆಂಟುಗಳ ಎರಡನೇ ಮಹಡಿಯ ತನಕ ಇಳಿದು ಅಲ್ಲೇ ಕೂತಿತ್ತು. ಅದರ ಕೆಳಗೆ, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ಹಿಂದೆ ರಾಗಿ ಹುಲ್ಲಿನ ಬಣವೆ ಒಟ್ಟುತ್ತಿದ್ದ ಜಾಗದಲ್ಲಿ ಈಗ ಶೀಟು ಹೊದಿಸಿದ ಕೊಟ್ಟಿಗೆಯಿತ್ತು. ಅಲ್ಲಿ ಮುನಿಆಂಜನಪ್ಪ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದ. ಹೆಂಡತಿ ದೊಡ್ಡಮುನಿಯಮ್ಮ ಸಗಣಿ ಬಾಚುತ್ತಿದ್ದಳು. ಕರಾವಿನ ಹಸು ಎರಡು. ಮೂರನೆಯದು ಗೌರಿ, ತುಂಬು ಗಬ್ಬ. ಮೂಲೆಯಲ್ಲಿ ನಿಂತು ಮೆಲುಕು ಹಾಕುತ್ತ ಇವರಿಬ್ಬರ ಕೆಲಸದ ಮೇಲ್ವಿಚಾರಣೆ ನಡೆಸುತ್ತಿತ್ತು.

ಹಾಲಿಗೆ ಬಂದ ಫ್ಲಾಟಿನವರೊಬ್ಬರು ಬಕೀಟಿನ ನೊರೆ ನೋಡಿ, "ಎರಡೂ ಸೇರಿ ಎಷ್ಟು ಕೊಡುತ್ತೆ ಯಜಮಾನ್ರೇ?" ಎಂದರು.

ಮುನಿಆಂಜನಪ್ಪನ ಕೈ ನಿಂತಿತು. ಮುಖಕ್ಕೆ ಇದ್ದಕ್ಕಿದ್ದಂತೆ ಬಡತನ ಬಂತು. "ಏನ್ ಸ್ವಾಮಿ, ಕರು ಕುಡಿದು ಬಿಟ್ಟಿದ್ದು. ಹೊತ್ತಿಗೆ ಆರು ಲೀಟ್ರು ಬಂದ್ರೆ ನಮ್ಮ ಪುಣ್ಯ."

ಬಕೀಟು ಆಗಲೇ ಆರು ದಾಟಿತ್ತು; ಇನ್ನೊಂದು ಹಸು ಕರೆಯುವುದು ಬಾಕಿ ಇತ್ತು. ನಿಜವಾಗಿ ಎಷ್ಟು ಎಂದು ನಾನೂ ಇಲ್ಲಿ ಬರೆಯುವುದಿಲ್ಲ. ಆ ಹಸುಗಳು ಇನ್ನೂ ಬದುಕಿವೆ.

ಇದನ್ನು ಸುಳ್ಳು ಎನ್ನಬಾರದು. ಹಸು ಕಟ್ಟಿದವರ ಮನೆಯಲ್ಲಿ ಹಾಲಿನ ನಿಜವಾದ ಲೆಕ್ಕ ಬಾಯಿಬಿಟ್ಟು ಹೇಳುವುದೆಂದರೆ ಊರ ಕಣ್ಣನ್ನೆಲ್ಲ ಕರೆದು ಕೆಚ್ಚಲಿಗೆ ಅಂಟಿಸಿದ ಹಾಗೆ. ಮುನಿಆಂಜನಪ್ಪನ ತಾತ ಊರ ಕೆರೆಯ ನೀರುಗಂಟಿಯಾಗಿದ್ದವನು. ಕೆರೆ ಕೋಡಿ ಬಿದ್ದು ಮೀನು ರಸ್ತೆ ದಾಟುತ್ತಿರುವಾಗಲೂ ಯಾರಾದರೂ ನೀರೆಷ್ಟಿದೆ ಎಂದು ಕೇಳಿದರೆ, "ಎಲ್ಲಪ್ಪಾ, ಮೊಣಕಾಲುದ್ದ" ಎನ್ನುತ್ತಿದ್ದನಂತೆ. ಇರುವುದನ್ನು ಕಡಿಮೆ ಮಾಡಿ ಹೇಳುವುದು ಆ ವಂಶಕ್ಕೆ ಮೂಗಿನ ಹಾಗೆ, ಹುಟ್ಟಿದಾಗಲೇ ಬಂದದ್ದು.

ಆದರೆ ಈ ಆರು ಲೀಟರಿಗೆ ಇನ್ನೊಂದು ಕೊಂಡಿ ಇತ್ತು. ಪಕ್ಕದ ಐದು ಮಹಡಿಯ ಮನೆಯ ಕೆಂಪರಾಜ್ ಮುನಿಆಂಜನಪ್ಪನ ಚಿಕ್ಕಪ್ಪನ ಮಗ. ಜಮೀನು ಭಾಗವಾದಾಗ ಹಿರಿಯರು ಒಂದು ಒಪ್ಪಂದ ಮಾಡಿಟ್ಟು ಕಣ್ಣು ಮುಚ್ಚಿದ್ದರು: ಕೊಟ್ಟಿಗೆಯ ದೀಪಕ್ಕೂ ಹುಲ್ಲು ಕತ್ತರಿಸುವ ಮಿಷನ್ನಿಗೂ ಕರೆಂಟು ಕೆಂಪರಾಜನ ಮೀಟರಿನಿಂದ, ಬದಲಿಗೆ ಕರೆದ ಹಾಲಿನಲ್ಲಿ ಹತ್ತರಲ್ಲೊಂದು ಪಾಲು ಕೆಂಪರಾಜನ ಮನೆಗೆ. ಆರರಲ್ಲಿ ಹತ್ತರಲ್ಲೊಂದು ಪಾಲೆಂದರೆ ಒಂದು ಸಣ್ಣ ಚೊಂಬು. ಆ ಚೊಂಬು ವರ್ಷಾನುಗಟ್ಟಲೆ ತಪ್ಪದೆ, ಬೆಳೆಯದೆ ಹೋಗುತ್ತಿತ್ತು.

ಧನುರ್ಮಾಸದಲ್ಲಿ ಕೆಂಪರಾಜನ ಮನೆಗೆ ಬೀಗರು ಬಂದರು. ಕಾಫಿಗೆ ಹಾಲು ಸಾಲದೆ ಅಂಗಡಿಯಿಂದ ಪ್ಯಾಕೆಟ್ ತರಿಸಬೇಕಾಯಿತು. ಗೋಡೆಯಾಚೆ ಕೊಟ್ಟಿಗೆ ಇಟ್ಟುಕೊಂಡು ಪ್ಯಾಕೆಟ್ ಹಾಲು! ಬೀಗಿತ್ತಿ ಲೋಟ ಮೂಸಿ ನೋಡಿದಳಂತೆ. ಮರುದಿನ ಕೆಂಪರಾಜ್ ಕಾಂಪೌಂಡಿನ ಮೇಲೆ ಮೊಣಕೈ ಊರಿ ಶುರು ಮಾಡಿದ.

"ಅಣ್ಣಾ, ನಮ್ಮ ಮೀಟ್ರು ಮಾತ್ರ ಬೇಸಿಗೆ ಫ್ಯಾನ್ ಥರ ಓಡ್ತೈತೆ. ನಿನ್ನ ಹಾಲು ಚೊಂಬಿನ ತಳ ಬಿಟ್ಟು ಏಳಲ್ಲ."

"ಹಸು ಕೊಟ್ಟಷ್ಟು ನಾನು ಕೊಡ್ತೀನಿ ಕಣಪ್ಪ."

"ನಾನು ವೈರು ಕಿತ್ಹಾಕಿದ್ರೆ ನಿನ್ನ ಹಸು ಬಾಯಿಗೆ ಹುಲ್ಲೇ ಬೀಳಲ್ಲ, ತಿಳ್ಕೋ."

ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ನಾಲ್ಕು ಜನ ನಿಂತಾಗ ಮುನಿಆಂಜನಪ್ಪನ ನಾಲಿಗೆ ತನ್ನ ಯಜಮಾನನನ್ನು ಕೇಳುವುದಿಲ್ಲ. "ನಿನ್ನ ವೈರು ನೀನೇ ಇಟ್ಕೊಳಯ್ಯ! ಸಂಕ್ರಾಂತಿ ಕಿಚ್ಚು ಹಚ್ಚೋದ್ರೊಳಗೆ ಸೂರ್ಯನ ಕೈಲಿ ಹುಲ್ಲು ಕಟ್ ಮಾಡಿಸ್ತೀನಿ. ಆಗ್ಲಿಲ್ವಾ, ಗೌರೀನ ಹಗ್ಗ ಸಮೇತ ತಂದು ನಿನ್ನ ಗೇಟಿಗೆ ಕಟ್ತೀನಿ!"

ದೊಡ್ಡಮುನಿಯಮ್ಮನ ಕೈಯ ಸಗಣಿ ಬುಟ್ಟಿ ಕೆಳಗೆ ಬಿತ್ತು. ಗೌರಿ ಅವಳು ತವರಿನಿಂದ ಕರುವಾಗಿ ಹಿಡಿದು ತಂದದ್ದು. ಗೌರಿಯನ್ನು ತಗೊಂಡು ಏನು ಮಾಡಬೇಕು, ಲಿಫ್ಟಿನಲ್ಲಿ ಕಟ್ಟಬೇಕೇ ಎಂಬುದು ಕೆಂಪರಾಜನಿಗೂ ಗೊತ್ತಿರಲಿಲ್ಲ. ಆದರೂ ನಾಲ್ಕು ಜನರ ಮುಂದೆ ಆತ "ಸೈ" ಅಂದುಬಿಟ್ಟ. ಬೀದಿಯಲ್ಲಿ ಆಡಿದ ಮಾತನ್ನು ಮನೆಯೊಳಗೆ ತಿದ್ದಲು ಬರುವುದಿಲ್ಲ.

ಅಂದಿನಿಂದ ಮುನಿಆಂಜನಪ್ಪ ಕೂತಲ್ಲಿ ಕೂರಲಿಲ್ಲ. ಕಾಕ್ಸ್ ಟೌನಿನಲ್ಲಿ ಹಳೇ ಬಂಗಲೆಯೊಂದನ್ನು ಒಡೆಯುತ್ತಿದ್ದಾರೆಂದು ಕೇಳಿ ಓಡಿದ. ಅದರ ಸೂರಿನ ಮೇಲಿದ್ದ ಎಂಟು ಸೋಲಾರ್ ಪ್ಯಾನೆಲ್ಲುಗಳನ್ನು ಒಂದು ಟೆಂಪೋ ಕೊಟ್ಟಿಗೆ ಗೊಬ್ಬರಕ್ಕೆ ಬದಲು ಮಾಡಿಕೊಂಡು ಬಂದ. ಶಿವಾಜಿನಗರದ ಗುಜರಿಯಲ್ಲಿ ಕೆಟ್ಟುಹೋದ ಬ್ಯಾಟರಿ ಆಟೋದ ಮೋಟರು ಸಿಕ್ಕಿತು. ವೈರಿಂಗ್ ಮಾಡುವ ಅಂಜನಮೂರ್ತಿಯನ್ನು ಹಿಡಿದು ತಂದ. ಅವನು ಕಪ್ಪು ಪಂಚೆ ಉಟ್ಟು ಶಬರಿಮಲೆಗೆ ಹೊರಟು ನಿಂತಿದ್ದವನು. ಬಸ್ಸಿಗೆ ಮುಂಚೆ ಮುಗಿಸಿಬಿಡುತ್ತೇನೆಂದು ಅವಸರವಾಗಿ ಮುನಿಆಂಜನಪ್ಪನ ಮನೆಯ ತಾರಸಿ ಹತ್ತಿದ.

"ದೊಡ್ಡಪ್ಪಾ, ಎಂಟನ್ನೂ ಸಾಲಾಗಿ ಕಟ್ಟಿದೀನಿ, ಒಂದರ ಬಾಲಕ್ಕೆ ಇನ್ನೊಂದರ ಮೂತಿ. ಎಲ್ಲ ಕೂಡ್ಕೊಂಡು ಲೈನಲ್ಲಿ ಮುನ್ನೂರು ವೋಲ್ಟು ಡಿ.ಸಿ. ಬರ್ತೈತೆ..."

"ಮೆತ್ತಗೆ ಹೇಳೋ!" ಮುನಿಆಂಜನಪ್ಪ ಸುತ್ತ ನೋಡಿದ. ಪಕ್ಕದ ಬಾಲ್ಕನಿಯಲ್ಲಿ ಕೆಂಪರಾಜನ ಮನೆಯ ಬಟ್ಟೆಗಳು ಒಣಗುತ್ತಿದ್ದವು. ಬಟ್ಟೆಗೂ ಕಿವಿ ಇರಬಹುದು.

ಅಂಜನಮೂರ್ತಿ ದನಿ ಇಳಿಸಿದ. "ನಿಮ್ಮ ಮೋಟ್ರು ನಲವತ್ತೆಂಟು ವೋಲ್ಟಿಂದು. ಮುನ್ನೂರನ್ನ ಹಂಗೇ ಬಿಟ್ರೆ ಸುಟ್ಟು ಕರಕಾಗುತ್ತೆ. ನಡುವೆ ಒಂದು ರೆಗ್ಯುಲೇಟರ್ ಕೂರಿಸ್ಬೇಕು, ಕೆರೆಗೆ ತೂಬು ಇದ್ದಂಗೆ. ಆ ಕಡೆ ಎಷ್ಟೇ ನೀರಿರ್ಲಿ, ಈ ಕಡೆ ಕಾಲುವೆಗೆ ಬೇಕಾದಷ್ಟೇ ಬಿಡುತ್ತೆ. ಶಿವಾಜಿನಗರದ ಯಾಸಿರ್ ಅಂಗ್ಡೀಲಿ ಸಿಗುತ್ತೆ. ಮುನ್ನೂರು ಅಂತ ಒಂದು ಮಾತು ಹೇಳಿ, ಅವರೇ ಆರಿಸಿ ಕೊಡ್ತಾರೆ. ತಾರಸಿ ಸ್ವಿಚ್ ಆಫ್ ಮಾಡದೆ ವೈರ್ ಮುಟ್ಬೇಡಿ. ಸ್ವಾಮಿಯೇ ಶರಣಂ ಅಯ್ಯಪ್ಪ."

ಹೀಗೆಂದು ಅವನು ಫೋನ್ ಆಫ್ ಮಾಡಿ ಬೆಟ್ಟಕ್ಕೆ ಹೋದ.

ಯಾಸಿರ್‌ನ ಅಂಗಡಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ಇರಬೇಕಾದಷ್ಟು ದೊಡ್ಡದು. ಅವನು ಎದುರಿಗೆ ಮೂರು ಡಬ್ಬಿ ಇಟ್ಟ. ಮೂರೂ ಹೊರನೋಟಕ್ಕೆ ಅಣ್ಣತಮ್ಮಂದಿರ ಹಾಗಿದ್ದವು.

"ಮೂರೂ ನಲವತ್ತೆಂಟೇ ಕೊಡ್ತಾವೆ ಚಾಚಾ. ಫರಕ್ ಇರೋದು ಒಳಗೆ ಬರೋದ್ರಲ್ಲಿ. ಇದು ನೂರು ವೋಲ್ಟ್ ತನಕ ತಡೆಯುತ್ತೆ, ಇದು ನೂರೈವತ್ತು, ಈ ದೊಡ್ಡದು ನಾನೂರೈವತ್ತು. ಬೋಲೋ, ನಿಮ್ಮ ಲೈನಲ್ಲಿ ಎಷ್ಟು ಬರುತ್ತೆ?"

ಹಿಂದೆ ಯಾರೋ ಇಬ್ಬರು ಗಿರಾಕಿಗಳು ನಿಂತಿದ್ದರು. ಒಬ್ಬನ ಕಣ್ಣು ಸ್ವಲ್ಪ ಮಾಲುಗಣ್ಣು. ಮುನಿಆಂಜನಪ್ಪ ಕೆಮ್ಮಿದ.

"ಏನೋ ಬತ್ತದಪ್ಪ."

"ಏನೋ ಅಂದ್ರೆ?"

"ಒಂದು ಮೂವತ್ತು ನಲವತ್ತು ಬಂದ್ರೆ ಹೆಚ್ಚು."

"ಮೂವತ್ತು ಬಂದ್ರೆ ನಲವತ್ತೆಂಟು ಹೆಂಗೆ ಕೊಡೋದು ಚಾಚಾ? ಮಧ್ಯದಲ್ಲಿ ನೀರು ಬೆರೆಸ್ಲಾ?"

ಮುನಿಆಂಜನಪ್ಪನಿಗೆ ರೇಗಿತು. "ನೀರು ಬೆರೆಸೋ ವಾಡಿಕೆ ನಮ್ಮ ಮನೇಲಿ ಇಲ್ಲ ಕಣಪ್ಪ! ಎಪ್ಪತ್ತು ಅಂತ ಇಟ್ಕೋ." ಎಪ್ಪತ್ತು ಎನ್ನುವಾಗ ಅವನ ಎದೆಯಿಂದ ಒಂದು ನರ ಕಿತ್ತ ಹಾಗಾಯಿತು.

"ದಿನಾ ಬರೋದು ಬೇಡ, ಜಾಸ್ತಿ ಅಂದ್ರೆ ಎಷ್ಟು? ಇದನ್ನ ಆರಿಸೋದೇ ಆ ಲೆಕ್ಕದ ಮೇಲೆ. ಎಲ್ಲರೂ ಎಷ್ಟು ಹೊರಗೆ ಬೇಕು ಅಂತ ಹೇಳ್ತಾರೆ, ಎಷ್ಟು ಒಳಗೆ ಬರುತ್ತೆ ಅಂತ ಒಬ್ರೂ ಹೇಳಲ್ಲ."

"ಜಾಸ್ತಿ ಅಂದ್ರೂ ಎಪ್ಪತ್ತೇ."

"ಹಂಗಾದ್ರೆ ನೂರರದ್ದು ಸಾಕು. ಆರಾಮಾಗಿ ಹೋಗಿ."

ಬಸ್ಸಿನಲ್ಲಿ ಮುನಿಆಂಜನಪ್ಪ ಹಲಸೂರಿನ ತನಕ ಕೂತಿದ್ದ, ಆಮೇಲೆ ಎದ್ದು ನಿಂತ, ಇಂದಿರಾನಗರದಲ್ಲಿ ಮತ್ತೆ ಕೂತ. ಡಬ್ಬಿಯನ್ನು ಟವಲಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದ. ಒಳಮನಸ್ಸು ಮುನ್ನೂರು ಎನ್ನುತ್ತಿತ್ತು. ಆದರೆ ಹಸುವಿನ ವಿಷಯದಲ್ಲಿ ಆರು ಎಂದು ಹೇಳಿ ಹೇಳಿ ಯಾವತ್ತೂ ಕೆಟ್ಟದ್ದಾಗಿರಲಿಲ್ಲವಲ್ಲ. ಡಬ್ಬಿಗೇನು ಹೇಳಿದ್ದು ಕೇಳಿಸುತ್ತದೆಯೇ ಎಂದು ಸಮಾಧಾನ ಮಾಡಿಕೊಂಡ.

ಮರುದಿನ ಬಿಸಿಲು ಹತ್ತುವ ಹೊತ್ತಿಗೆ ಕೊಟ್ಟಿಗೆಯ ಮುಂದೆ ಬೀದಿ ನೆರೆಯಿತು. ಮುನಿಆಂಜನಪ್ಪ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕೂಡಿಸಿ ಕೈ ಮುಗಿದ. ತಾರಸಿಯ ಸ್ವಿಚ್ಚಿನ ಹತ್ತಿರ ದೊಡ್ಡಮುನಿಯಮ್ಮ ಸೆರಗು ಬಿಗಿದು ನಿಂತಿದ್ದಳು.

"ಹಾಕ್ಲಾ?"

"ಹಾಕು!"

ಟಪ್ ಎಂದಿತು. ಡಬ್ಬಿಯ ಮುಚ್ಚಳ ಹಾರಿ ಹಿಂಡಿ ಬುಟ್ಟಿಗೆ ಬಿತ್ತು. ಬಿಳಿಯ ಹೊಗೆ ಒಂದು ಸುರುಳಿ ಸುತ್ತಿ ಮೇಲೆ ಹೋಯಿತು. ಗೌರಿ ಹಗ್ಗ ಜಗ್ಗಿತು. ಕೆಂಪರಾಜ್ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ.

"ಅಣ್ಣಾ, ದೀಪಾವಳಿ ಹೋಗಿ ಬಹಳ ದಿನ ಆಯ್ತಲ್ಲಾ?"

ಮೇಲಿನಿಂದ ದೊಡ್ಡಮುನಿಯಮ್ಮ ಕೂಗಿದಳು. "ಓಡ್ತೇನ್ರೀ?"

"ಓಡ್ತು ಕಣೇ, ಆಫ್ ಮಾಡು!" ಎಂದ ಮುನಿಆಂಜನಪ್ಪ. ಓಡಿದ್ದು ಜನ.

ಮಧ್ಯಾಹ್ನವೇ ಶಿವಾಜಿನಗರಕ್ಕೆ ಹೋದ. ಯಾಸಿರ್ ಸುಟ್ಟ ಡಬ್ಬಿಯನ್ನು ತಿರುಗಿಸಿ ನೋಡಿ, ಮೂಸಿ, ಅತ್ತರು ಪರೀಕ್ಷಿಸುವವನ ಹಾಗೆ ಕಣ್ಣು ಮುಚ್ಚಿದ. "ಜಾಸ್ತಿ ವೋಲ್ಟ್ ಬಂದಿದೆ ಚಾಚಾ. ಎಷ್ಟಿದೆ ನಿಜವಾಗಿ?"

"ಏನೋ... ನೂರಿಪ್ಪತ್ತು ಆದ್ರೂ ಆಗ್ಬೋದು."

"ಮೊದಲು ಎಪ್ಪತ್ತು ಅಂದ್ರಿ!"

"ಬೆಳಗ್ಗೆ ಸ್ವಲ್ಪ ಜಾಸ್ತಿ ಕರ್ದಿರ್ಬೇಕು."

ಯಾಸಿರ್ ನೂರೈವತ್ತರ ಡಬ್ಬಿ ಕೊಟ್ಟ. ಅದು ಮರುದಿನ ಇನ್ನೂ ಜೋರಾಗಿ ಟಪ್ ಎಂದಿತು. ಯಾಕೆಂದರೆ ಅದು ಇನ್ನೂ ಸ್ವಲ್ಪ ದೊಡ್ಡ ಡಬ್ಬಿ.

ಈ ಎರಡನೇ ಸದ್ದಿಗೆ ಭಗವಂತರಾಯರು ಕೆಳಗಿಳಿದರು. ಕೆಂಪರಾಜನ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಇವರು ಕಲಬುರ್ಗಿ ಕಡೆಯವರು, ಸರ್ಕಾರದ ಯಾವುದೋ ಪ್ರಯೋಗಾಲಯದಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತರಾದವರು. ಮಂಕಿ ಕ್ಯಾಪು, ಮೇಲೆ ಮಫ್ಲರು.

"ಏನ್ರೀ ಯಜಮಾನ್ರ, ಎಷ್ಟು ಪ್ಯಾನೆಲ್ ಕಟ್ಟೀರಿ?"

"ಎಂಟು ಸಾರ್." ಪ್ಯಾನೆಲ್ ಕಣ್ಣಿಗೆ ಕಾಣುತ್ತಿದ್ದವು, ಮುಚ್ಚುವ ಹಾಗಿರಲಿಲ್ಲ.

"ಸಾಲಾಗಿ?"

"ಹೂಂ."

"ವೋಲ್ಟ್ ಎಷ್ಟು ಬರ್ತೈತಿ?"

ಬಾಲ್ಕನಿಯಲ್ಲಿ ಕೆಂಪರಾಜ್ ಬ್ರಷ್ ಹಿಡಿದೇ ನಿಂತಿದ್ದ. ಅವನ ಕಣ್ಣು ಬೀದಿಯಲ್ಲೇ ಕೆಟ್ಟದ್ದೆಂದು ದೊಡ್ಡಮುನಿಯಮ್ಮನ ನಂಬಿಕೆ. ಒಂದು ಸಲ ಹೊಗಳಿದ್ದಕ್ಕೇ ಅವಳ ಹಿತ್ತಲ ನುಗ್ಗೆಮರ ಮುರಿದು ಬಿದ್ದಿತ್ತು. ಮುನಿಆಂಜನಪ್ಪನ ಅಂಕಿ ಮತ್ತೆ ಕೆಳಗಿಳಿಯಿತು. "ಎಪ್ಪತ್ತು ಸಾರ್."

ಭಗವಂತರಾಯರು ಬೆರಳು ಮಡಚಿ ಲೆಕ್ಕ ಹಾಕಿ, ಮಫ್ಲರು ಸಡಿಲಿಸಿ, ಡಾಕ್ಟರು ಹೊರಗೆ ಬಂದು ಹೇಳುವ ದನಿಯಲ್ಲಿ ಹೇಳಿದರು. "ಅಂದ್ರ ಒಂದೊಂದು ಒಂಬತ್ತೂ ಕೊಡವಲ್ದು. ಜೀವ ಇದ್ದದ್ದು ನಲವತ್ತರ ಹತ್ರ ಕೊಡಬೇಕ್ರಿ. ಅದೂ ಈ ಚಳಿಯಾಗ ಇನ್ನಷ್ಟು ಏರಬೇಕು. ಥಂಡಿ ಬಿದ್ದಷ್ಟೂ ಪ್ಯಾನೆಲ್ಲಿನ ವೋಲ್ಟ್ ಮೇಲೇಳ್ತೈತಿ. ಅದಕ್ಕ ರೆಗ್ಯುಲೇಟರ್ ಆರಿಸೋ ಮುಂದ ಮಾಗಿ ಮುಂಜಾನಿ ಲೆಕ್ಕ ಹಿಡೀಬೇಕು, ಬ್ಯಾಸಿಗಿದಲ್ಲ. ಖರೇ ಹೇಳ್ತೀನಿ, ನಿಮ್ಮ ಎಂಟೂ ಸತ್ತಾವ. ಡಬ್ಬಿ ಸಿಡಿದದ್ದು ಮಾಲೇ ಖೊಟ್ಟಿ ಇದ್ದದ್ದಕ್ಕ."

ಚಳಿಗೆ ಮೇಲೇಳುತ್ತದೆ ಎಂಬ ಮಾತು ಕೇಳಿ ಮುನಿಆಂಜನಪ್ಪ ಒಳಗೊಳಗೇ ಮುನ್ನೂರಕ್ಕೆ ಇಪ್ಪತ್ತು ಕೂಡಿಸಿಕೊಂಡು ಹಿಗ್ಗಿದ. ಮುಖವನ್ನು ಮಾತ್ರ ಜೋಲು ಬಿಟ್ಟ.

ಸಂಜೆಯೊಳಗೆ ಸುದ್ದಿ ಹೊರಟಿತು: ಮುನಿಆಂಜನಪ್ಪನ ಮನೆಯಲ್ಲಿ ಎಂಟು ಸತ್ತಿವೆಯಂತೆ. ಏನು ಎಂಟು ಎಂಬುದು ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಮರುದಿನ ಬೆಳಿಗ್ಗೆ ಹಾಲಿಗೆ ಅರ್ಧ ಜನವೂ ಬರಲಿಲ್ಲ. ರಾಮಮೂರ್ತಿ ನಗರದಿಂದ ದೊಡ್ಡಮುನಿಯಮ್ಮನ ತಂಗಿ ಗೋವಿಂದಮ್ಮ ಆಟೋ ಇಳಿಯುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಅಕ್ಕಾ! ಎಂಟೂ ಹೋದ್ವಂತಲ್ಲೇ!" ಅಳುತ್ತ ಕೊಟ್ಟಿಗೆಯೊಳಗೆ ಬಂದವಳು ಮೂರು ಹಸು ನಿಂತಿದ್ದು ಕಂಡು ತಡೆದಳು. "ಅಲ್ಲಾ, ಇದ್ದಿದ್ದೇ ಮೂರು. ಎಂಟು ಹೆಂಗಕ್ಕಾ ಸತ್ವು?"

"ಹಸು ಅಲ್ಲ ಕಣೇ, ಮೇಲಿರೋ ಗಾಜು."

ಆಟೋದಲ್ಲಿ ಬಂದದ್ದಾಗಿತ್ತು. ಗೋವಿಂದಮ್ಮ ಗಾಜಿಗಾಗಿಯೂ ನಾಲ್ಕು ಹನಿ ಸುರಿಸಿ, ಕಾಫಿ ಕುಡಿದು, "ದೃಷ್ಟಿ ಆಗೈತೆ ಬಾವಾ, ಇನ್ನೇನಿಲ್ಲ" ಎಂದು ತೀರ್ಪು ಕೊಟ್ಟಳು. ಹೋಗುವ ಮುಂಚೆ ಮೀಸೆ ಬರೆದ ಬೂದುಗುಂಬಳಕಾಯಿಯೊಂದನ್ನು ನಡುವಿನ ಪ್ಯಾನೆಲ್ಲಿನ ಮೇಲೆ ಕೂರಿಸಿ, ಸುತ್ತ ಒಣಮೆಣಸಿನಕಾಯಿ ಹಾರ ಹಾಕಿದಳು. ಭಗವಂತರಾಯರು ಮೇಲಿನಿಂದ ನೋಡಿ, "ನೆರಳು ಬಿದ್ದರ ಕರೆಂಟ್ ಎಲ್ಲಿಂದ ಬರಬೇಕ್ರೀ ತಾಯಿ?" ಎಂದು ಕೂಗಿದರು. "ಸತ್ತಿರೋದಕ್ಕೆ ನೆರಳಾದ್ರೇನು ಬಿಸಿಲಾದ್ರೇನು ಸಾರ್?" ಎಂದಳು ಗೋವಿಂದಮ್ಮ. ರಾಯರು ಮಫ್ಲರು ಬಿಗಿದುಕೊಂಡು ಒಳಗೆ ಹೋದರು.

ಸಂಕ್ರಾಂತಿ ನಾಳೆ ಎಂಬಲ್ಲಿಗೆ ಬಂತು. ಮಾತಿಗೆ ತಪ್ಪಬಾರದೆಂದು ಮುನಿಆಂಜನಪ್ಪ ಕೆಂಪರಾಜನ ವೈರಿನ ಮಿಷನ್ನು ಮುಟ್ಟುತ್ತಿರಲಿಲ್ಲ. ಸೀಮೆಹುಲ್ಲನ್ನು ಕುಡುಗೋಲಿನಲ್ಲಿ ಕೊಚ್ಚಿ ಕೊಚ್ಚಿ ಗಂಡಹೆಂಡಿರ ಅಂಗೈ ಬೊಬ್ಬೆ ಎದ್ದಿತ್ತು. ದೊಡ್ಡಮುನಿಯಮ್ಮ ಗಂಡನೊಡನೆ ಮಾತು ಬಿಟ್ಟಿದ್ದಳು. ಏನಿದ್ದರೂ ಗೌರಿಗೆ ಹೇಳುತ್ತಿದ್ದಳು. "ನಾಳೆ ನಿನ್ನ ಲಿಫ್ಟ್ ಇರೋ ಮನೆಗೆ ಕಳಿಸ್ತಾರಂತೆ ತಾಯೀ. ಅಲ್ಲಿ ಮಾರ್ಬಲ್ ಮೇಲೆ ಈಯ್ಬೇಕಂತೆ ನೀನು." ಗೌರಿ ಮೆಲುಕು ನಿಲ್ಲಿಸಿ ಯಜಮಾನನ ಕಡೆ ನೋಡುತ್ತಿತ್ತು. ಮುನಿಆಂಜನಪ್ಪ ತಾರಸಿ ಹತ್ತುವನು, ಇಳಿಯುವನು, ಮತ್ತೆ ಹತ್ತುವನು. ಇನ್ನೊಮ್ಮೆ ಶಿವಾಜಿನಗರಕ್ಕೆ ಹೋಗಿ ಇನ್ನೂರು ಎಂದು ಹೇಳೋಣವೇ ಎಂದು ಯೋಚಿಸುವನು.

ಅಷ್ಟರಲ್ಲಿ ಯಾಸಿರ್ ತಾನೇ ಸ್ಕೂಟರಿನಲ್ಲಿ ಬಂದಿಳಿದ. ಮಂಜು ಆಗಷ್ಟೇ ಹರಿದು ಎಳೆಬಿಸಿಲು ತಾರಸಿಗೆ ಬಿದ್ದಿತ್ತು.

"ಚಾಚಾ, ಇಡೀ ಗಲ್ಲಿಯಲ್ಲಿ ನನ್ನ ಮಾಲು ಪಟಾಕಿ ಅಂತ ಮಾತಾಡ್ತಿದ್ದಾರೆ. ನನ್ನ ಅಂಗಡಿ ಹೆಸರು ಹೋಗ್ತಾ ಇದೆ. ಇವತ್ತು ನಾನೇ ನೋಡ್ತೀನಿ. ಮೇಲೆ ಸ್ವಿಚ್ ಹಾಕ್ಸಿ."

ದೊಡ್ಡಮುನಿಯಮ್ಮ ಮೇಲೆ ಹೋದಳು. ಯಾಸಿರ್ ವೈರಿನ ಎರಡು ತುದಿಗಳ ಟೇಪು ಬಿಚ್ಚಿ, ಒಂದಕ್ಕೊಂದು ತಾಗದ ಹಾಗೆ ಗೂಟದ ಮೇಲೆ ಬೇರೆ ಬೇರೆ ಇಳಿಬಿಟ್ಟ.

"ಹಾಕ್ಲಾ?"

"ಹಾಕಿ ಖಾಲಾ!" ಎಂದು ಕೂಗಿ, ಮೀಟರು ತರಲು ಸ್ಕೂಟರಿನ ಡಿಕ್ಕಿಯ ಕಡೆ ತಿರುಗಿದ.

ಅದೇ ಹೊತ್ತಿಗೆ ಕೆಂಪರಾಜ್ ಹಬ್ಬಕ್ಕೆ ಕೊಂಡ ಕಬ್ಬಿನ ಜಲ್ಲೆ ಹೆಗಲ ಮೇಲಿಟ್ಟುಕೊಂಡು ಬಂದ. ಹಿಂದೆ ಬೀದಿಯ ಅರ್ಧ ಜನ.

"ಏನಣ್ಣಾ, ಹೆಣಕ್ಕೆ ನಾಡಿ ನೋಡೋಕೆ ಶಿವಾಜಿನಗರದಿಂದ ಡಾಕ್ಟ್ರನ್ನ ಕರೆಸಿದ್ಯಾ? ಸತ್ತಿರೋ ಪ್ಯಾನೆಲ್ಲು, ಎಪ್ಪತ್ತು ವೋಲ್ಟು! ಅದಕ್ಕೆ ಮೀಟ್ರು ಬೇರೆ ಬೇಕಾ? ನಾನು ಕೈಯಲ್ಲೇ ನೋಡಿ ಹೇಳ್ತೀನಿ ತಾಳು." ಕಬ್ಬನ್ನು ಗೋಡೆಗೆ ಒರಗಿಸಿ ಎರಡು ತುದಿಗಳ ಕಡೆ ಎರಡು ಕೈ ಚಾಚಿದ.

"ಮುಟ್ಬೇಡ್ವೋ!" ಎಂದ ಮುನಿಆಂಜನಪ್ಪ.

"ಯಾಕೆ? ಎಪ್ಪತ್ತೇ ಅಲ್ವಾ?"

ಮುನಿಆಂಜನಪ್ಪ ಬಾಯಿ ತೆರೆದ. ಎದುರಿಗಿದ್ದದ್ದು ಇಡೀ ಊರಿನಲ್ಲಿ ಯಾರಿಗೆ ಹೇಳಬಾರದೋ ಆ ಕಣ್ಣು. ಬಾಯಿ ಮುಚ್ಚಿದ. ಕೆಂಪರಾಜ್ ಒಂದು ಹೆಜ್ಜೆ ಇಟ್ಟ.

"ನೂರಿಪ್ಪತ್ತೈತೆ ಕಣೋ!"

"ಏರ್ತಾ ಐತೆ ನೋಡ್ರಪ್ಪಾ!" ಕೆಂಪರಾಜ್ ಜನರ ಕಡೆ ಕಣ್ಣು ಹೊಡೆದ. "ನೂರಿಪ್ಪತ್ತಕ್ಕೆ ಹೆದರೋ ಮಗನಾ ನಾನು?"

"ಇನ್ನೂರು! ಇನ್ನೂರು ಕಣೋ!"

"ಸಂತೇಲಿ ಹಸು ಕೂಗ್ದಂಗೆ ಕೂಗ್ತಾನಲ್ಲಪ್ಪ!" ಬೆರಳಿಗೂ ತಾಮ್ರಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

ಚಿಕ್ಕಂದಿನಲ್ಲಿ ಇದೇ ಕೈಯನ್ನು ಹಿಡಿದು ಮುನಿಆಂಜನಪ್ಪ ಕೆರೆಯಲ್ಲಿ ಈಜು ಕಲಿಸಿದ್ದ.

"ಮುನ್ನೂರ ಇಪ್ಪತ್ತು ಕಣೋ ಮುಂಡೇದೇ! ಸತ್ತೋಯ್ತೀಯ! ಎಂಟೂ ಬದುಕವೆ!"

ಆ ಕೂಗು ಎಷ್ಟು ಜೋರಿತ್ತೆಂದರೆ ಬೀದಿ ತುದಿಯ ಹೊಂಗೆಮರದ ಕಾಗೆಗಳೆಲ್ಲ ಎದ್ದವು. ಕೆಂಪರಾಜನ ಕೈ ಗಾಳಿಯಲ್ಲೇ ನಿಂತಿತು. ಮೇಲಿನಿಂದ ದೊಡ್ಡಮುನಿಯಮ್ಮ ಸ್ವಿಚ್ಚನ್ನು ಪಟ್ಟನೆ ಆರಿಸಿ, ಅಂಚಿಗೆ ಬಂದು, ಎರಡು ಕೈಯಲ್ಲೂ ತಲೆ ಚಚ್ಚಿಕೊಂಡಳು. "ಅಯ್ಯೋ! ಅವನ ಮುಂದೆ ಹೇಳ್ಬಿಟ್ರಾ? ಥೂ, ಥೂ, ಥೂ! ಒಂದು ಇನ್ನೂರೈವತ್ತಾದ್ರೂ ಅನ್ನಬಾರ್ದಾಗಿತ್ತಾ!" ಮೈದುನ ಬದುಕಿದ್ದು ಅವಳಿಗೆ ಆಮೇಲೆ ನೆನಪಾಯಿತು.

ಯಾಸಿರ್ ಮೀಟರು ಹಿಡಿದು ಓಡಿಬಂದ. ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ ಹಾಕಿಸಿ, ಕಡ್ಡಿ ಇಟ್ಟು ನೋಡಿದ. ಅಂಕಿ ಮೂಡಿದೊಡನೆ ಮುನಿಆಂಜನಪ್ಪ ಹೆಗಲ ಟವಲು ತೆಗೆದು ಮೀಟರಿನ ಮುಖಕ್ಕೆ ಮುಚ್ಚಿದ.

ಯಾಸಿರ್ ಅವನನ್ನೇ ನೋಡಿದ. ಸಿಟ್ಟಾಗಬೇಕೆಂದು ಉಸಿರು ಎಳೆದುಕೊಂಡವನಿಗೆ ನಗು ಬಂತು. "ಈಗ ಗೊತ್ತಾಯ್ತು ಚಾಚಾ. ನಮ್ಮ ಅಬ್ಬ ಪಾರಿವಾಳ ಸಾಕ್ತಿದ್ರು. ಎಷ್ಟಿದಾವೆ ಅಂತ ನನಗೂ ಹೇಳ್ತಿರಲಿಲ್ಲ, ನಜರ್ ಆಗುತ್ತೆ ಅಂತ. ಆಕಾಶ ತುಂಬಾ ಹಾರ್ತಿರೋವು, ಕೇಳಿದ್ರೆ 'ಎಲ್ಲಿ ಬೇಟಾ, ಹತ್ತೋ ಹನ್ನೆರಡೋ' ಅನ್ನೋರು. ಅರೇ, ನನ್ನ ಕಿವಿಯಲ್ಲಿ ಹೇಳಿದ್ರೆ ಸಾಕಿತ್ತಲ್ಲ? ಎರಡು ಡಬ್ಬಿ ಉಳೀತಿತ್ತು."

ಭಗವಂತರಾಯರೂ ಮಂಕಿ ಕ್ಯಾಪು ತೆಗೆದು, "ಹಂಗಾದ್ರ ನನ್ನ ಲೆಕ್ಕ ಬರೋಬರಿ ಇತ್ತು. ನಿಮ್ಮ ಬಾಯೇ ತಪ್ಪಿತ್ರಿ" ಎಂದರು.

ಕೆಂಪರಾಜ್ ಕಲ್ಲುಚಪ್ಪಡಿಯ ಮೇಲೆ ಕೂತು ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅವನ ಹುಬ್ಬು ನಿಧಾನವಾಗಿ ಕೂಡಿಕೊಂಡಿತು.

"ಅಣ್ಣಾ... ಮುನ್ನೂರಿಪ್ಪತ್ತನ್ನ ಎಪ್ಪತ್ತು ಅಂದ್ಯಲ್ಲಾ."

"ಹೂಂ."

"ಹಂಗಾದ್ರೆ ಆ ಆರು?"

ಮುನಿಆಂಜನಪ್ಪ ಗೌರಿಯ ಹಗ್ಗ ಬಿಗಿಯಲು ತಿರುಗಿದ. "ಕೆಂಪರಾಜಾ, ಕಾಫಿ ಕುಡೀತೀಯೇನಪ್ಪಾ?" ಎಂದಳು ದೊಡ್ಡಮುನಿಯಮ್ಮ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, ತಾರಸಿಯ ಮೇಲಿನಿಂದಲೇ.

ಯಾಸಿರ್ ಸ್ಕೂಟರಿನಲ್ಲಿ ಹೋಗಿ ಆ ದೊಡ್ಡ ಡಬ್ಬಿಯನ್ನು, ನಾನೂರೈವತ್ತರದನ್ನು, ತಂದು ತಾನೇ ಕೂರಿಸಿದ. "ಮುನ್ನೂರಿಪ್ಪತ್ತಕ್ಕೆ ಮುನ್ನೂರೈವತ್ತರದ್ದೂ ಸಾಕು ಅಂತ ಕೆಲವರು ಅಂತಾರೆ. ಬೇಡ ಚಾಚಾ. ಚಳಿ ಇನ್ನೂ ಬೀಳಬಹುದು, ಜಾಗ ಬಿಟ್ಟೇ ಕಟ್ಟಬೇಕು" ಎಂದ. ಬೂದುಗುಂಬಳಕಾಯಿಯನ್ನು ಪ್ಯಾನೆಲ್ಲಿನಿಂದ ಇಳಿಸಿ ತಾರಸಿ ಗೋಡೆಯ ಮೇಲೆ, ಕೆಂಪರಾಜನ ಮನೆಗೆ ಮುಖ ಮಾಡಿ ಕೂರಿಸಲಾಯಿತು. ಮಧ್ಯಾಹ್ನದ ಬಿಸಿಲಿಗೆ ಆಟೋ ಮೋಟರು ಒಂದು ಸಲ ಗೊಣಗಿ, ಆಮೇಲೆ ದಾರಿಗೆ ಬಂತು. ಸೀಮೆಹುಲ್ಲು ಚರಚರನೆ ಕತ್ತರಿಸಿ ರಾಶಿ ಬಿತ್ತು. ಗೌರಿ ಮೊದಲ ಬೊಗಸೆಯನ್ನು ದೊಡ್ಡಮುನಿಯಮ್ಮನ ಕೈಯಿಂದಲೇ ತಿಂದಿತು.

ಮರುದಿನ ಸಂಜೆ ಬೀದಿಯಲ್ಲಿ ಹುಲ್ಲು ಹರಡಿ ಕಿಚ್ಚು ಹಚ್ಚಿದರು. ಕೊಂಬಿಗೆ ಬಣ್ಣ ಬಳಿದುಕೊಂಡ ಎರಡು ಹಸುಗಳು ಕಿಚ್ಚು ಹಾಯ್ದವು. ಗಬ್ಬದ ಗೌರಿಯನ್ನು ಪಕ್ಕದಿಂದ ನಡೆಸಿಕೊಂಡು ಬಂದರು. ಹೊತ್ತು ಮುಳುಗಿದ ಮೇಲೆ ಮುನಿಆಂಜನಪ್ಪನಿಗೆ ಇನ್ನೊಂದು ವಿಷಯ ಹೊಳೆಯಿತು: ಪಂತ ಗೆದ್ದು ಕೆಂಪರಾಜನ ಕರೆಂಟು ಬಿಟ್ಟಾಯಿತು, ಇನ್ನು ಸೂರ್ಯ ಮನೆಗೆ ಹೋದ ಮೇಲೆ ಕೊಟ್ಟಿಗೆಯ ಬಲ್ಬು ಉರಿಸುವವರು ಯಾರು? ಕತ್ತಲಲ್ಲಿ ತಡಕಾಡುತ್ತ ಒಂದು ಹಸು ಕರೆದು ಮುಗಿಸುವ ಹೊತ್ತಿಗೆ ಬಲ್ಬು ತಾನಾಗಿಯೇ ಹತ್ತಿತು. ಕೆಂಪರಾಜ್ ತನ್ನ ಮನೆಯ ಸ್ವಿಚ್ ಒತ್ತಿ, ಗೇಟು ದಾಟಿ ಬಂದು ನಿಂತಿದ್ದ. ಕೈಯಲ್ಲಿ ಹಳೇ ಚೊಂಬಿರಲಿಲ್ಲ. ಮದುವೆ ಮನೆಯಲ್ಲಿ ಸಾರು ಬಡಿಸುವಂಥ ತೂಕುಪಾತ್ರೆ ಇತ್ತು.

ಕಿಚ್ಚಿನ ಸುತ್ತ ಬೀದಿಗೆ ಬೀದಿಯೇ ನೆರೆದಿತ್ತು. ಕೆಂಪರಾಜ್ ಎಲ್ಲರಿಗೂ ಕೇಳುವ ಹಾಗೆ, "ಈಗಾದ್ರೂ ಹೇಳಣ್ಣಾ. ಹೊತ್ತಿಗೆ ಎಷ್ಟು ಕೊಡ್ತವೆ?" ಎಂದ.

ಮುನಿಆಂಜನಪ್ಪ ತಲೆ ಎತ್ತಲಿಲ್ಲ. "ಆರು."

ಆರು ಎನ್ನುತ್ತಲೇ ಬಕೀಟು ಬಗ್ಗಿಸಿ ತೂಕುಪಾತ್ರೆಗೆ ಹೊಯ್ಯತೊಡಗಿದ. ಚೊಂಬಿನ ಅಳತೆ ದಾಟಿತು. ಕೈ ನಿಲ್ಲಲಿಲ್ಲ. ಹತ್ತರಲ್ಲೊಂದು ಪಾಲಿನ ಗೆರೆಯೂ ದಾಟಿತು. ಅವನು ಹಾಲನ್ನೇ ನೋಡುತ್ತ ಹೊಯ್ಯುತ್ತಿದ್ದ, ಕೆಂಪರಾಜ್ ಅವನನ್ನೇ ನೋಡುತ್ತ ಹಿಡಿದಿದ್ದ. ನೊರೆ ಕಂಠಕ್ಕೆ ಬಂದು ಉಬ್ಬಿ ನಿಂತಾಗ ಬಕೀಟು ನೇರವಾಯಿತು.

ಕೆಂಪರಾಜನೂ ಅದೇ ನೀರುಗಂಟಿಯ ಮೊಮ್ಮಗ. ಪಾತ್ರೆಯನ್ನೊಮ್ಮೆ ನೋಡಿದ, ಬೀದಿಯನ್ನೊಮ್ಮೆ ನೋಡಿದ. ಆಮೇಲೆ ಮುಖಕ್ಕೆ ಎಲ್ಲಿಂದಲೋ ಬಡತನ ತಂದುಕೊಂಡು ಗಟ್ಟಿಯಾಗಿ ಹೇಳಿದ. "ಏನ್ ಕಾಲ ಬಂತಪ್ಪಾ! ಆರೂ ಸರಿಯಾಗಿ ಬರಲ್ವಂತೆ. ಪಾತ್ರೆ ತಳಾನೂ ಒದ್ದೆ ಆಗ್ಲಿಲ್ಲ."

ಹೆಗಲ ಟವಲನ್ನು ಪಾತ್ರೆಯ ಮೇಲೆ ಮುಚ್ಚಿ, ಒಂದು ಹನಿ ತುಳುಕದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡು, ಕಿಚ್ಚಿನ ಬೆಳಕು ತಪ್ಪಿಸಿ ಗೋಡೆ ಪಕ್ಕದಲ್ಲೇ ನಡೆದುಹೋದ.

"ನಾಳೇನೂ ಅದೇ ಪಾತ್ರೆ ತತ್ತಾನೇನೋ" ಎಂದಳು ದೊಡ್ಡಮುನಿಯಮ್ಮ.

"ತರ್ಲಿ ಬಿಡು" ಎಂದು ಮುನಿಆಂಜನಪ್ಪ ಇನ್ನೊಂದು ಹಸುವಿನ ಪಕ್ಕ ಕೂತ. "ಬಾಕಿ ಎಷ್ಟು ವರ್ಷದ್ದು ಅಂತ ಮಾತ್ರ ಜೋರಾಗಿ ಕೇಳದೆ ಇರ್ಲಿ."